ಬೇಲಿಯ ಆಚೆ, ಬೇಲಿಯ ಈಚೆ

ಇಂಗ್ಲಿಷಿನಲ್ಲಿ ‘ಬಿಯಾಂಡ್ ದ ಪೇಲ್’ ಎಂದು ಒಂದು ಮಾತುಂಟು. ಕೆಲವು ತಿಂಗಳ ಕೆಳಗೆ ನಮ್ಮ ಕಚೇರಿಗೆ ಬಂದ ಒಂದು ಕಡತದಲ್ಲಿ, ಯಾರದೋ ನಡತೆಯನ್ನು ಕುರಿತು ಮೇಲಧಿಕಾರಿಯೊಬ್ಬರು ಈ ಮಾತನ್ನು ಬರೆದಿದ್ದರು. ಪಕ್ಕದ ಮೇಜಿನ ಹಿರಿಯರು ಕನ್ನಡಕವನ್ನು ಮೇಲಕ್ಕೇರಿಸಿ ಎರಡು ಸಲ ಓದಿದರು. “ಏನ್ ಸಾರ್, ಪೇಲ್ ಎಂದರೆ ಮುಖ ಬಿಳಿಚಿಕೊಳ್ಳುವುದಲ್ಲವೇ? ಈ ಮನುಷ್ಯ ಬಿಳಿಚಿಕೊಳ್ಳುವುದಕ್ಕಿಂತಲೂ ಆಚೆ ಹೋದನೇ?” ಎಂದು ತಮ್ಮ ತಮಿಳಿನಲ್ಲಿ ಕೇಳಿದರು. ಎದುರು ಮೇಜಿನ ಹುಡುಗ, ಅದು ಬಕೀಟು ಎಂಬ ಅರ್ಥದ ಪೇಲ್ ಇರಬೇಕು, ಟೈಪು ಮಾಡುವಾಗ ಅಕ್ಷರ ತಪ್ಪಿದೆ ಎಂದ. ಬಿ.ಎ. ಓದಿದವರೆಂಬ ಕಾರಣಕ್ಕೆ ಇಂಥ ವ್ಯಾಜ್ಯಗಳ ತೀರ್ಪು ನನ್ನ ಪಾಲಿಗೆ ಬರುವುದು ರೂಢಿ. ಅಂದು ಮನೆಗೆ ಬಂದು ನಿಘಂಟು ತೆರೆದು ಕೂತಾಗ, ಆ ಮೂರು ಪದಗಳ ಹಿಂದೆ ನಮ್ಮಂಥ ಹೊರನಾಡ ಕನ್ನಡಿಗರಿಗೆ ಹತ್ತಿರವಾದ ಕಥೆಯೊಂದು ಇದೆಯೆಂದು ತೋರಿತು. ವಾಚಕರೊಡನೆ ಅದನ್ನು ಹಂಚಿಕೊಳ್ಳೋಣವೆಂದು ಈ ಲೇಖನ.

ಮೊದಲು ಅರ್ಥ. ಇಲ್ಲಿಯ ಪೇಲ್‌ಗೂ ಮುಖದ ಬಣ್ಣಕ್ಕೂ ಏನೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಪಾಲುಸ್’ ಎಂದರೆ ನೆಲಕ್ಕೆ ನೆಟ್ಟ ಗೂಟ. ಗೂಟಗಳನ್ನು ಸಾಲಾಗಿ ನೆಟ್ಟರೆ ಬೇಲಿಯಾಯಿತು. ಬೇಲಿಯ ಹೆಸರೇ ಕ್ರಮೇಣ ಬೇಲಿಯೊಳಗಿನ ನೆಲಕ್ಕೂ ಬಂದಿತು. ಆದುದರಿಂದ ‘ಬಿಯಾಂಡ್ ದ ಪೇಲ್’ ಎಂದರೆ ಬೇಲಿಯ ಆಚೆ ಎಂದಷ್ಟೇ ಪದಶಃ ಅರ್ಥ. ಬಿಳಿಚಿಕೊಂಡ ಎಂಬ ಅರ್ಥದ ಪೇಲ್ ಬೇರೊಂದು ಲ್ಯಾಟಿನ್ ಪದದಿಂದ ಬಂದದ್ದು. ಕನ್ನಡದಲ್ಲಿ ಕಾಡಿಗೂ ಕಾಡುವುದಕ್ಕೂ ಇರುವಷ್ಟೇ ನಂಟು. ಪ್ರಸಂಗವಶಾತ್ ಇನ್ನೊಂದು ಸ್ವಾರಸ್ಯ: ಪ್ರಯಾಣ ಎಂಬ ಅರ್ಥದ ‘ಟ್ರ್ಯಾವೆಲ್’ ಕೂಡ ಇದೇ ಗೂಟದ ಮನೆತನಕ್ಕೆ ಸೇರಿದ್ದೆಂದು ನಿಘಂಟುಕಾರರ ಮತ. ಮೂರು ಗೂಟಗಳಿಗೆ ಕಟ್ಟಿ ಹಿಂಸಿಸುವ ಒಂದು ಸಾಧನದ ಹೆಸರು ಮೊದಲು ಯಾತನೆಯಾಗಿ, ಅನಂತರ ದುಡಿಮೆಯಾಗಿ, ಕೊನೆಗೆ ಪ್ರಯಾಣವಾಯಿತಂತೆ. ದೀಪಾವಳಿಗೆ ಊರಿಗೆ ಹೋಗಲು ರಿಸರ್ವೇಶನ್ ಸಿಗದೆ ನಿಂತುಕೊಂಡೇ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಬಳಕೆಯಲ್ಲಿ ಈ ಮಾತು ನೆಲವನ್ನು ಬಿಟ್ಟು ನಡತೆಗೆ ಅಂಟಿಕೊಂಡಿದೆ. ಸಭ್ಯರು ಒಪ್ಪಿಕೊಂಡ ಮೇರೆಯನ್ನು ಯಾವುದು ದಾಟಿತೋ ಅದು ಬೇಲಿಯ ಆಚೆಯದು. ಹೆಂಡತಿಗೆ ಹೊಡೆಯುವುದು, ಅನಾಥಾಶ್ರಮದ ಹಣ ತಿನ್ನುವುದು, ಸತ್ತವರ ಮನೆಯ ಮುಂದೆ ನಿಂತು ಬೈಯುವುದು ಇಂಥವಕ್ಕೆ ಈ ಮಾತು ಸಲ್ಲುತ್ತದೆ. ತಡವಾಗಿ ಕಚೇರಿಗೆ ಬಂದವರ ಮೇಲೆ ಇದನ್ನು ಹಾಕಿದರೆ ಸೊಳ್ಳೆಗೆ ಫಿರಂಗಿ ಹಾರಿಸಿದಂತೆ. ಕನ್ನಡದಲ್ಲಿ ಇದನ್ನು ‘ಎಲ್ಲೆ ಮೀರಿದ್ದು’, ‘ಮೇರೆ ತಪ್ಪಿದ್ದು’, ‘ಹದ್ದು ಮೀರಿದ್ದು’ ಎನ್ನಬಹುದು. ಈ ಹದ್ದು ರೆಕ್ಕೆಯ ಹದ್ದಲ್ಲ, ಅರಬ್ಬಿಯಿಂದ ಬಂದ ‘ಹದ್’, ಅಂದರೆ ಗಡಿ. ರೆವಿನ್ಯೂ ಇಲಾಖೆಯ ನಂಟಿದ್ದವರಿಗೆ ಹದ್ದುಬಸ್ತು ಎಂಬ ಪದ ಗೊತ್ತು. ಹೊಲದ ಗಡಿ ಗುರುತಿಸಿ ಕಲ್ಲು ಹಾಕುವ ಕೆಲಸ. ಹುಡುಗರನ್ನು ಹದ್ದುಬಸ್ತಿನಲ್ಲಿಡು ಎನ್ನುವಾಗ ನಾವು ತಿಳಿಯದೆಯೇ ಸರ್ವೆ ಇಲಾಖೆಯ ಮಾತನ್ನಾಡುತ್ತಿರುತ್ತೇವೆ. ಇಂಗ್ಲಿಷರು ಗೂಟದಿಂದ ಮಾಡಿಕೊಂಡದ್ದನ್ನು ನಾವು ಕಲ್ಲಿನಿಂದ ಮಾಡಿಕೊಂಡೆವು ಎಂದರೆ ಸಾಕು.

ನಮ್ಮ ದೇಶದ ನ್ಯಾಯಾಲಯಗಳಲ್ಲಿ ಇದೇ ಮಾತಿಗೆ ವಿಚಿತ್ರವಾದ ಇನ್ನೊಂದು ಜನ್ಮವುಂಟು. ‘ಬಿಯಾಂಡ್ ದ ಪೇಲ್ ಆಫ್ ಡೌಟ್’ ಎಂದು ತೀರ್ಪುಗಳಲ್ಲಿ ಬರೆಯುತ್ತಾರೆ. ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತಾಗಿದೆ ಎಂದು ಅರ್ಥ. ಇಂಗ್ಲಿಷರು ಇಂಥಲ್ಲಿ ಸಂಶಯದ ನೆರಳಿಗೂ ಆಚೆ ಎನ್ನುತ್ತಾರೆ. ನಮ್ಮವರು ಎರಡು ನುಡಿಗಟ್ಟುಗಳನ್ನು ಸೇರಿಸಿ ಕಸಿ ಕಟ್ಟಿದ್ದಾರೆ. ಶುದ್ಧ ಇಂಗ್ಲಿಷಿನ ಅಭಿಮಾನಿಗಳು ಇದಕ್ಕೆ ಮೂಗು ಮುರಿಯುವುದುಂಟು. ನನಗಂತೂ ಈ ಕಸಿ ಇಷ್ಟ. ಎಲ್ಲರೂ ಅವಮಾನವೆಂದು ತಿಳಿದ ‘ಬೇಲಿಯ ಆಚೆ’ ಇಲ್ಲಿ ಗೌರವದ ಜಾಗವಾಯಿತಲ್ಲ!

ಈ ಮಾತು ಹುಟ್ಟಿದ್ದು ಐರ್ಲೆಂಡಿನಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹದಿನೈದನೆಯ ಶತಮಾನದಲ್ಲಿ ಐರ್ಲೆಂಡು ಹೆಸರಿಗೆ ಇಂಗ್ಲೆಂಡಿನ ದೊರೆಯದಾದರೂ, ಅವನ ಆಜ್ಞೆ ನಡೆಯುತ್ತಿದ್ದುದು ಮುಖ್ಯವಾಗಿ ಡಬ್ಲಿನ್ ಪಟ್ಟಣದ ಸುತ್ತಣ ಒಂದು ತುಂಡು ನೆಲದಲ್ಲಿ. ಅದಕ್ಕೆ ‘ಪೇಲ್’ ಎಂದೇ ಹೆಸರು. 1494ರಲ್ಲಿ ಸೇರಿದ ಅಲ್ಲಿಯ ಪಾರ್ಲಿಮೆಂಟು, ಗಡಿಯಲ್ಲಿರುವ ಒಕ್ಕಲುಗಳು ಆರು ಅಡಿ ಎತ್ತರದ ಜೋಡಿ ದಿಬ್ಬ ಹಾಕಬೇಕೆಂದು ಕಾಯಿದೆ ಮಾಡಿತು. ಇದಕ್ಕೂ ಮೊದಲು, 1366ರಲ್ಲಿ, ಕಿಲ್‌ಕೆನ್ನಿ ಎಂಬಲ್ಲಿ ಮಾಡಿದ ಶಾಸನಗಳು ಇನ್ನೂ ಕುತೂಹಲಕರವಾದವು. ಐರ್ಲೆಂಡಿಗೆ ಬಂದು ನೆಲೆಸಿದ ಇಂಗ್ಲಿಷರು ಐರಿಷ್ ಹೆಣ್ಣನ್ನು ಮದುವೆಯಾಗಕೂಡದು, ಐರಿಷ್ ಭಾಷೆಯಾಡಕೂಡದು, ಅವರಂತೆ ಉಡಕೂಡದು ಎಂದು ವಿಧಿ. ಕಾಯಿದೆ ಮಾಡಬೇಕಾಯಿತೆಂದರೆ ಅವೆಲ್ಲವೂ ಧಾರಾಳವಾಗಿ ನಡೆದಿತ್ತೆಂದೇ ತಿಳಿಯಬೇಕಷ್ಟೆ. ವಲಸೆ ಬಂದವರ ಮಕ್ಕಳು ಬೀದಿಯ ಭಾಷೆಯನ್ನು ಕಲಿಯದಂತೆ ತಡೆದ ಸರ್ಕಾರ ಇನ್ನೂ ಹುಟ್ಟಿಲ್ಲ. ನಮ್ಮ ಮನೆಗಳಲ್ಲಿ ಅಮ್ಮನೊಡನೆ ಕನ್ನಡ, ತಮ್ಮತಮ್ಮಲ್ಲಿ ತಮಿಳು ಎಂದಿರುವ ಹುಡುಗರನ್ನು ನೋಡಿದರೆ ಸಾಕು.

ಆದರೂ ನುಡಿಗಟ್ಟು ಐರ್ಲೆಂಡಿನ ಬೇಲಿಯಿಂದಲೇ ಹುಟ್ಟಿತೆನ್ನಲು ಹಳೆಯ ಆಧಾರವಿಲ್ಲವೆಂದು ಆಕ್ಸ್‌ಫರ್ಡ್ ನಿಘಂಟಿನವರು ಎಚ್ಚರಿಸುತ್ತಾರೆ. ಅದಕ್ಕೂ ಮೊದಲಿನಿಂದ ಇಂಗ್ಲಿಷಿನಲ್ಲಿ ‘ಚರ್ಚಿನ ಬೇಲಿಯೊಳಗೆ’ ಎಂಬಂಥ ಪ್ರಯೋಗಗಳಿದ್ದವು. ಐರ್ಲೆಂಡಿನ ಕಥೆಯನ್ನು ಜನ ಆಮೇಲೆ ಹೊಂದಿಸಿದ್ದಿರಬೇಕು. ಕಥೆ ಚೆನ್ನಾಗಿದ್ದರೆ ವ್ಯುತ್ಪತ್ತಿ ತಾನಾಗಿ ಬಗ್ಗುತ್ತದೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮಾತು ಮನೆಮಾತಾಗಿತ್ತು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಇಬ್ಬರು ಪತ್ರಿಕಾ ಸಂಪಾದಕರು ಜಗಳವಾಡುವಾಗ ಒಬ್ಬನು ಇನ್ನೊಬ್ಬನನ್ನು ಸಮಾಜದ ಬೇಲಿಯಿಂದಲೇ ಆಚೆ ಹಾಕುತ್ತಾನೆ. 1888ರಲ್ಲಿ ಕಿಪ್ಲಿಂಗ್ ಇದೇ ಹೆಸರಿನಲ್ಲಿ ಒಂದು ಕಥೆ ಪ್ರಕಟಿಸಿದ. ಭಾರತದ ಒಂದು ಪಟ್ಟಣದ ಗಲ್ಲಿಯಲ್ಲಿ ಇಂಗ್ಲಿಷನೊಬ್ಬ ಹಿಂದೂ ವಿಧವೆಯನ್ನು ಪ್ರೀತಿಸಿ, ಕೊನೆಗೆ ಆ ಬಡ ಹುಡುಗಿ ಎರಡು ಕೈಗಳನ್ನೂ ಕಳೆದುಕೊಳ್ಳುವ ಘೋರ ಕಥೆ. ಬೇಲಿ ದಾಟಿದವನು ಒಬ್ಬ, ದಂಡ ತೆತ್ತವಳು ಇನ್ನೊಬ್ಬಳು. ಅಲ್ಲಿಯ ಕಥೆಗಾರ ತಪ್ಪನ್ನು ಬೇಲಿ ದಾಟಿದ್ದರಲ್ಲಿ ಕಾಣುತ್ತಾನೆಯೇ ಹೊರತು ಬೇಲಿಯಲ್ಲಿ ಕಾಣುವುದಿಲ್ಲ.

ರಷ್ಯಾದಲ್ಲಂತೂ ಬೇಲಿ ತಿರುಗುಮುರುಗಾಯಿತು. ಸಾಮ್ರಾಜ್ಞಿ ಕ್ಯಾಥರೀನಳು 1791ರಲ್ಲಿ ಯೆಹೂದ್ಯರ ವಾಸಕ್ಕೆ ಒಂದು ಪ್ರದೇಶವನ್ನು ಗೊತ್ತುಮಾಡಿದಳು. ಇಂಗ್ಲಿಷಿನಲ್ಲಿ ಅದನ್ನೂ ‘ಪೇಲ್’ ಎಂದೇ ಕರೆಯುತ್ತಾರೆ. ಅಲ್ಲಿ ಬೇಲಿಯ ಒಳಗಿದ್ದವರೇ ಹೊರಗಿನವರು! ಆಚೆ ಹೋಗಿ ವಾಸಿಸಲು ಅವರಿಗೆ ವಿಶೇಷ ಅಪ್ಪಣೆ ಬೇಕಿತ್ತು. 1917ರ ಕ್ರಾಂತಿಯವರೆಗೆ ಈ ಏರ್ಪಾಡು ನಡೆಯಿತು. ಅಂದಮೇಲೆ ಒಳಗೆ, ಹೊರಗೆ ಎನ್ನುವುದು ಗೂಟಗಳಿಂದ ತೀರ್ಮಾನವಾಗುವ ಸಂಗತಿಯಲ್ಲ; ಗೂಟ ಹೊಡೆಯುವ ಕೊಡತಿ ಯಾರ ಕೈಯಲ್ಲಿದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಪರದೇಶದ ಮಾತೇಕೆ, ನಮ್ಮ ಪದಗಳನ್ನೇ ನೋಡೋಣ. ಕನ್ನಡದ ಬೇಲಿಯೂ ತಮಿಳಿನ ‘ವೇಲಿ’ಯೂ ಒಂದೇ, ಅವರ ‘ವಾ’ ನಮ್ಮ ‘ಬಾ’, ಅವರ ‘ವೇರ್’ ನಮ್ಮ ‘ಬೇರು’ ಆದಂತೆ. ಅವರ ‘ಎಲ್ಲೈ’ ನಮ್ಮ ‘ಎಲ್ಲೆ’. ಚೆನ್ನೈಯಲ್ಲಿ ಎಲ್ಲೈಯಮ್ಮನ ಗುಡಿಗಳು ಒಂದೆರಡಲ್ಲ. ಊರು ಬೆಳೆದು ಎಲ್ಲೆ ಎತ್ತಲೋ ಹೋದರೂ ಅಮ್ಮ ಮಾತ್ರ ಕೂತಲ್ಲೇ ಕೂತಿದ್ದಾಳೆ. ಎರಡು ಭಾಷೆಯವರೂ ಬೇಲಿಗೆ, ಎಲ್ಲೆಗೆ ಒಂದೇ ಪದ ಇಟ್ಟುಕೊಂಡು ಅದರ ಎರಡು ಪಕ್ಕದಲ್ಲಿ ನಿಂತಿರುವುದು ತಮಾಷೆಯೇ ಸರಿ. ಇನ್ನು ‘ಪರದೇಶಿ’. ಬೇರೆ ನಾಡಿನವನು ಎಂದಷ್ಟೇ ಮೂಲಾರ್ಥ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಇಂದಿಗೂ ಪರದೇಶಿ ಸಿನಗಾಗ್ ಎಂದೇ ಹೆಸರು. ಆದರೆ ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ತಮಿಳಿನಲ್ಲಿ ಭಿಕ್ಷುಕ. ಊರು ಬಿಟ್ಟವನು ಉದ್ಧಾರವಾಗುವುದುಂಟೇ ಎಂಬ ಹಳೆಯ ಸಂಶಯ ಆ ಪದದಲ್ಲಿ ಉಪ್ಪಿನಕಾಯಿಯಂತೆ ಕೆಡದೆ ಉಳಿದಿದೆ.

ಹೊರಗಿನವರನ್ನು ಕುರಿತು ಇಂಗ್ಲಿಷಿಗೆ ನಮ್ಮ ಈ ಕರಾವಳಿಯೇ ಕೊಟ್ಟ ಪದವೊಂದುಂಟು. ಅದನ್ನು ಹೇಳದೆ ಹೋಗಲಾರೆ. ಇಂಗ್ಲಿಷ್ ಪತ್ರಿಕೆಗಳು ಎಲ್ಲರೂ ದೂರವಿಟ್ಟ ವ್ಯಕ್ತಿಯನ್ನು, ದೇಶವನ್ನು ‘ಪರಾಯ’ ಎಂಬರ್ಥದಲ್ಲಿ ‘ಪರಿಯಾ’ ಎಂದು ಬರೆಯುತ್ತವೆ. ಇದು ತಮಿಳಿನ ‘ಪರೈಯರ್’ ಎಂಬ ಸಮುದಾಯದ ಹೆಸರು. ಹದಿನೇಳನೆಯ ಶತಮಾನದ ಆರಂಭದಲ್ಲೇ ಇಂಗ್ಲಿಷಿಗೆ ಹೋಯಿತು. ‘ಪರೈ’ ಎಂದರೆ ಒಂದು ಬಗೆಯ ಚರ್ಮವಾದ್ಯ. ಹಳಗನ್ನಡದ ‘ಪರೆ’, ಆಮೇಲಿನ ‘ಹರೆ’ ಇದೇ ವಾದ್ಯದ ಪದ. ಹರೆ ಬಾರಿಸುತ್ತಿದ್ದವರ, ಹೊಲ ಉಳುತ್ತಿದ್ದವರ ಹೆಸರನ್ನು ಲೋಕವೆಲ್ಲ ಬೈಗುಳವಾಗಿ ಬಳಸುವಂತಾಯಿತು. ನಾವು ಚೆನ್ನೈಯಲ್ಲಿದ್ದುಕೊಂಡು ಈ ಪದವನ್ನು ಸಲೀಸಾಗಿ ಆಡುವುದು ಸರಿಯಲ್ಲ. ಆ ಹೆಸರಿನವರು ಇಲ್ಲೇ ನಮ್ಮ ನೆರೆಯಲ್ಲಿದ್ದಾರೆ, ನಮ್ಮ ಕಚೇರಿಗಳಲ್ಲಿದ್ದಾರೆ. ಊರಾಚೆಯ ಕೇರಿಗಳನ್ನು ಮಾಡಿದವರು ಇಂಗ್ಲಿಷರಲ್ಲ ಎಂಬುದೂ ನೆನಪಿರಲಿ.

ಇಂಗ್ಲಿಷರು ತಾವು ಹಾಕಿದ ಬೇಲಿಯನ್ನು ನೋಡಬೇಕಾದರೆ ಡಬ್ಲಿನ್ನಿಗೆ ಹೋಗಬೇಕಾಗಿಲ್ಲ. ಪ್ಯಾರಿಸ್ ಕಾರ್ನರಿಗೆ ಬಸ್ಸಿನಲ್ಲಿ ಹೋದರೆ ಸಾಕು. 1639ರಲ್ಲಿ ನಾಯಕರಿಂದ ನೆಲದ ಸನ್ನದು ಪಡೆದು, ಮರುವರ್ಷ ಕಟ್ಟಿದ ಸೇಂಟ್ ಜಾರ್ಜ್ ಕೋಟೆಯ ಸುತ್ತ ಬಿಳಿಯರ ಪಟ್ಟಣ ಬೆಳೆಯಿತು, ಅದಕ್ಕೊಂದು ಗೋಡೆ. ಗೋಡೆಯಾಚೆ ಉತ್ತರಕ್ಕೆ ನೇಯ್ಗೆಯವರು, ಬಣ್ಣದವರು, ದುಬಾಷಿಗಳು, ವ್ಯಾಪಾರಿಗಳು ಸೇರಿ ಇನ್ನೊಂದು ಪಟ್ಟಣವಾಯಿತು; ಅದಕ್ಕೆ ಅವರಿಟ್ಟ ಹೆಸರು ಕರಿಯರ ಪಟ್ಟಣ, ‘ಬ್ಲ್ಯಾಕ್ ಟೌನ್’. ಆ ಕರಿಯರ ಪಟ್ಟಣದೊಳಗೂ ಬೇಲಿಗಳಿಗೆ ಕೊರತೆಯಿರಲಿಲ್ಲ. ಬಲಗೈ ಎಡಗೈ ಪಂಗಡಗಳ ಜಗಳ 1707ರಲ್ಲಿ ವಿಪರೀತಕ್ಕೆ ಹೋಗಿ, ಗವರ್ನರ್ ಪಿಟ್ಟನು ಎಡಗೈಯವರಿಗೆ ಮುತ್ಯಾಲಪೇಟೆ, ಬಲಗೈಯವರಿಗೆ ಪೆದ್ದನಾಯಕನಪೇಟೆ ಎಂದು ಬೀದಿಗಳನ್ನು ಹಂಚಬೇಕಾಯಿತು.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅರ್ಮೇನಿಯನ್ನರ ಪಾಡು. ದೂರದ ನಾಡಿನಿಂದ ಬಂದ ಈ ವರ್ತಕರು ಕ್ರೈಸ್ತರಾದುದರಿಂದ ಬಿಳಿಯರ ಪಟ್ಟಣದಲ್ಲೇ ಮನೆ ಮಾಡಿಕೊಂಡಿದ್ದರು. ಅಡಿಯಾರಿನ ಮೇಲೆ ಸೈದಾಪೇಟೆಯ ಬಳಿ 1726ರಲ್ಲಿ ಸೇತುವೆ ಕಟ್ಟಿಸಿದವನು, ಸೇಂಟ್ ಥಾಮಸ್ ಬೆಟ್ಟಕ್ಕೆ ಮೆಟ್ಟಲು ಹಾಕಿಸಿದವನು ಪೆಟ್ರುಸ್ ಉಸ್ಕಾನ್ ಎಂಬ ಅರ್ಮೇನಿಯನ್. 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು, 1749ರಲ್ಲಿ ಒಪ್ಪಂದದಂತೆ ಹಿಂದಿರುಗಿಸಿದರು. ಇಂಗ್ಲಿಷರು ಮರಳಿ ಬಂದವರೇ, ಕ್ಯಾಥೊಲಿಕರೂ ಅರ್ಮೇನಿಯನ್ನರೂ ಫ್ರೆಂಚರ ಕಡೆಯವರೆಂದು ಶಂಕಿಸಿ, ಅವರು ಬಿಳಿಯರ ಪಟ್ಟಣದಲ್ಲಿ ಇರಕೂಡದೆಂದು ಹೊರಡಿಸಿದರು. ಮನೆ ಅಲ್ಲೇ, ಮಾಲೀಕನೂ ಅವನೇ. ನಿನ್ನೆ ಒಳಗಿದ್ದವನು ಇಂದು ಬೇಲಿಯ ಆಚೆ. ಅರ್ಮೇನಿಯನ್ ಬೀದಿಯೂ, ಅಲ್ಲಿ 1772ರಲ್ಲಿ ಕಟ್ಟಿದ ಅವರ ಚರ್ಚೂ ಕರಿಯರ ಪಟ್ಟಣದ ಕಡೆಯಲ್ಲಿವೆ.

ಕರಿಯರ ಹಳೆಯ ಪಟ್ಟಣವನ್ನು ಕೋಟೆಯ ರಕ್ಷಣೆಗಾಗಿ ಇಂಗ್ಲಿಷರೇ ಕೆಡವಿಬಿಟ್ಟರು. ಇಂದು ಆ ನೆಲದ ಮೇಲೆ ಹೈಕೋರ್ಟು ನಿಂತಿದೆ. ಇದರಿಂದ ಮುಂದೆ ದಕ್ಷಿಣಕ್ಕೆ ಯಾರೂ ಗೋಡೆ ಎಬ್ಬಿಸಕೂಡದು, ಫಿರಂಗಿಗೆ ಅಡ್ಡವಾಗುತ್ತದೆ ಎಂದು ಗಡಿಗಂಬಗಳನ್ನು ನೆಟ್ಟರು. 1773ರ ಜನವರಿ 1ನೆಯ ತಾರೀಖು ಕೆತ್ತಿರುವ ಒಂದು ಗಂಬ ಪ್ಯಾರಿಸ್ ಕಾರ್ನರಿನ ಡೇರ್ ಹೌಸ್ ಪಕ್ಕದಲ್ಲಿ ಉಳಿದುಕೊಂಡಿದೆ. ಪೇಲ್ ಎಂದರೆ ಗೂಟವಷ್ಟೆ? ಇದೇ ಆ ಗೂಟ. ಹೊಸ ಪಟ್ಟಣಕ್ಕೂ ಗೋಡೆ ಬೇಕಾಯಿತು: ಮೊದಲು ಫ್ರೆಂಚರ ಹೆದರಿಕೆ, ಆಮೇಲೆ ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯ ಹೆದರಿಕೆ. 1769ರಲ್ಲಿ ಹೈದರನು ಕುದುರೆ ಪಡೆಯೊಡನೆ ಮದರಾಸಿನ ಬಾಗಿಲಿಗೇ ಬಂದು, ಒಪ್ಪಂದ ಬರೆಸಿಕೊಂಡು ಹೋದನಲ್ಲವೇ. ಸುಮಾರು ಆ ಕಾಲದಲ್ಲೇ ಗೋಡೆ ಎದ್ದಿತು. ಅದರ ಖರ್ಚನ್ನು ಒಳಗಿರುವವರಿಂದ ತೆರಿಗೆಯಾಗಿ ಎತ್ತಬೇಕೆಂದು ಹವಣಿಸಿದರು, ಆಗಲಿಲ್ಲ. ತೆರಿಗೆ ವಸೂಲಾಗದಿದ್ದರೂ ರಸ್ತೆಗೆ ‘ವಾಲ್ ಟ್ಯಾಕ್ಸ್’ ಎಂಬ ಹೆಸರು ಗಟ್ಟಿಯಾಗಿ ನಿಂತಿತು. ವ.ಉ.ಚಿ. ರಸ್ತೆ ಎಂದು ಹೊಸ ಹೆಸರಿಟ್ಟ ಮೇಲೂ ಆಟೋದವರ ಬಾಯಲ್ಲಿ ಅದೇ. ಬೆಂಗಳೂರು ರೈಲಿನಲ್ಲಿ ಬಂದು ಸೆಂಟ್ರಲ್ಲಿನಲ್ಲಿ ಇಳಿದ ಕನ್ನಡಿಗರು ಹೊರಗೆ ಕಾಲಿಟ್ಟರೆ, ಪಕ್ಕದಲ್ಲೇ ಇರುವುದು ತಮ್ಮ ನಾಡಿನ ಸೈನ್ಯಕ್ಕೆ ಹೆದರಿ ಕಟ್ಟಿದ ಗೋಡೆಯ ದಾರಿ!

ಈಗ ನಮ್ಮ ವಿಷಯ. ನನ್ನ ಅಜ್ಜ ಕುಂದಾಪುರದ ಕಡೆಯವರು. 1948ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಹೋಟೆಲೊಂದರಲ್ಲಿ ತಟ್ಟೆ ಎತ್ತುವ ಕೆಲಸಕ್ಕೆ ಇಲ್ಲಿಗೆ ಬಂದರು. “ನಾನು ಯಾವ ಪರರಾಜ್ಯಕ್ಕೂ ಬಂದವನಲ್ಲ ಮಾರಾಯ, ಜಿಲ್ಲೆಯಿಂದ ರಾಜಧಾನಿಗೆ ಬಂದವ” ಎಂದು ಅವರು ಹೇಳುತ್ತಿದ್ದರು. ಮಾತು ನಿಜ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಇವೆಲ್ಲ ಆಗ ಮದರಾಸಿಗೆ ಸೇರಿದ್ದವು. ಮಂಗಳೂರಿನ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ; ಉಡುಪಿಯವರು ಆರಿಸಿದ ಶಾಸಕರು ಕೂರುತ್ತಿದ್ದುದು ಇಲ್ಲಿಯ ಸಭೆಯಲ್ಲಿ. ಮೈಸೂರಿನಿಂದ ಬಂದ ಕನ್ನಡಿಗರನ್ನೇ ನಮ್ಮ ಅಜ್ಜನಂಥವರು ‘ಹೊರಗಿನವರು’ ಎನ್ನುತ್ತಿದ್ದರಂತೆ! 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಸೇರಿದವು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಕನ್ನಡಿಗರು ದಶಕಗಳಿಂದ ಹಂಬಲಿಸಿದ ದಿನ ಅದು, ಸಂತೋಷದ ದಿನವೇ. ಆದರೆ ಆ ರಾತ್ರಿ ಹೋಟೆಲಿನ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದ ನಮ್ಮಜ್ಜ ಬೆಳಗ್ಗೆ ಏಳುವ ಹೊತ್ತಿಗೆ, ಒಂದು ಗೇಣೂ ಅತ್ತಿತ್ತ ಸರಿಯದೆ, ಹೊರನಾಡ ಕನ್ನಡಿಗರಾಗಿದ್ದರು. ಅರ್ಮೇನಿಯನ್ನರಂತೆ ಯಾರೂ ಅವರನ್ನು ಹೊರಡಿಸಲಿಲ್ಲ. ಬೇಲಿ ತಾನೇ ಎದ್ದು ಪಶ್ಚಿಮಕ್ಕೆ ನಡೆಯಿತು, ಇವರು ಉಳಿದರು.

ಹಾಗೆಂದು ಮದರಾಸಿನವರು ಮುಖ ತಿರುಗಿಸಿದರೆಂದು ತಿಳಿಯಬೇಡಿ. ಮರುವರ್ಷದ ಚುನಾವಣೆಯ ಬಳಿಕ ಮದರಾಸು ವಿಧಾನಸಭೆಯ ಅಧ್ಯಕ್ಷರಾದವರು ದಕ್ಷಿಣ ಕನ್ನಡ ಮೂಲದ ಮನೆತನದ ಡಾಕ್ಟರ್ ಯು. ಕೃಷ್ಣರಾವ್, ಅವರನ್ನು ಆರಿಸಿ ಕಳಿಸಿದ್ದು ಹಾರ್ಬರ್ ಕ್ಷೇತ್ರ, ಹಳೆಯ ಕರಿಯರ ಪಟ್ಟಣದ ಕಡೆಯ ಜನ. ಕಿಟ್ಟೆಲರ ಕನ್ನಡ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ, 1968ರಿಂದ ಸಂಪುಟ ಸಂಪುಟವಾಗಿ ಅದನ್ನು ಪ್ರಕಟಿಸಿದ್ದೂ ಮದರಾಸು ವಿಶ್ವವಿದ್ಯಾನಿಲಯವೇ. ಬೇಲಿ ಸರಿದು ಹನ್ನೆರಡು ವರ್ಷವಾಗಿತ್ತು.

ಆದರೂ ಪ್ರಶ್ನೆಯೊಂದು ಉಳಿದುಕೊಂಡಿದೆ, ನಮಗೆಲ್ಲ ದಿನಬೆಳಗಾದರೆ ಎದುರಾಗುವ ಪ್ರಶ್ನೆ: “ಸೊಂದ ಊರು ಎದು?” ಸ್ವಂತ ಊರು ಯಾವುದು? ಚೆನ್ನೈಯಲ್ಲಿ ಇದು ಕುಹಕವಲ್ಲ, ಕುಶಲ ಪ್ರಶ್ನೆ. ತಿರುನೆಲ್ವೇಲಿಯವರನ್ನೂ ಕೇಳುತ್ತಾರೆ, ತಂಜಾವೂರಿನವರನ್ನೂ ಕೇಳುತ್ತಾರೆ. ಅವರು ಉತ್ತರ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ನಾವು ಮಾತ್ರ ಒಂದು ಕ್ಷಣ ತಡೆಯುತ್ತೇವೆ. ಮೂರನೆಯ ತರಗತಿಯಲ್ಲಿರುವ ನನ್ನ ಮಗಳು, ಶಾಲೆಯಲ್ಲಿ ಟೀಚರ್ ಕೇಳಿದರೆಂದು, “ನಮ್ಮ ಸೊಂದ ಊರು ಯಾವುದು?” ಎಂದು ಕೇಳಿದಳು. ಕುಂದಾಪುರ ಎಂದೆ. “ನಾನು ಅಲ್ಲಿಗೆ ಎರಡೇ ಸಲ ಹೋಗಿದ್ದೇನಲ್ಲ” ಎಂದಳು. ಹಾಗಾದರೆ ಮಾಂಬಲಂ ಎಂದು ಬರೆ ಎಂದರೆ, “ಅಲ್ಲಿ ಮನೆಯಲ್ಲವೇ ಇರುವುದು, ಊರಲ್ಲವಲ್ಲ” ಎಂದಳು. ಕೊನೆಗೆ ಎರಡನ್ನೂ ಬರೆದುಕೊಂಡು ಹೋದಳು. ಟೀಚರ್ ಸರಿ ಗುರುತು ಹಾಕಿದ್ದಾರೆ.

2016ರ ಸೆಪ್ಟೆಂಬರಿನಲ್ಲಿ ಈ ಪ್ರಶ್ನೆ ಕುಶಲ ಪ್ರಶ್ನೆಯಾಗಿ ಉಳಿಯಲಿಲ್ಲ. ಆ ತಿಂಗಳ 5ರಂದು ಸುಪ್ರೀಂ ಕೋರ್ಟು, ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ಸ್‌ನಂತೆ ಕಾವೇರಿ ನೀರು ಬಿಡಬೇಕೆಂದು ಕರ್ನಾಟಕಕ್ಕೆ ಆಜ್ಞೆ ಮಾಡಿತು. 12ರಂದು ನಸುಕಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಯಾರೋ ಪೆಟ್ರೋಲು ಬಾಂಬುಗಳನ್ನೆಸೆದರು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯಿದ್ದ ಬಸ್ಸುಗಳು ಡಜನುಗಟ್ಟಲೆ ಸುಟ್ಟು ಬೂದಿಯಾದವು. ವುಡ್‌ಲ್ಯಾಂಡ್ಸಿನ ಹೆಸರನ್ನು ಕಟ್ಟಿದ ಕೆ. ಕೃಷ್ಣರಾಯರು ದಕ್ಷಿಣ ಕನ್ನಡದ ಕಡಂದಲೆಯವರು. ಮದರಾಸಿಗೆ ಬಂದು, ಬೇರೆಯವರ ಅಡಿಗೆ ಮನೆಗಳಲ್ಲಿ ದುಡಿದು, 1938ರಲ್ಲಿ ರಾಯಪೇಟೆಯಲ್ಲಿ ಮೊದಲ ವುಡ್‌ಲ್ಯಾಂಡ್ಸನ್ನು ತೆರೆದರು. ಆಗ ಅವರು ಒಳಗಿನವರು, ತಮ್ಮದೇ ಪ್ರಾಂತದ ರಾಜಧಾನಿಯಲ್ಲಿದ್ದವರು. ಎಷ್ಟು ತಮಿಳು ಮನೆಗಳ ಹೆಣ್ಣು ನೋಡುವ ಶಾಸ್ತ್ರ, ಮದುವೆಯ ಆರತಕ್ಷತೆ ಆ ಹೋಟೆಲುಗಳಲ್ಲಿ ನಡೆದಿಲ್ಲ! ಬಾಂಬೆಸೆದವನ ಮನೆಯ ಹಿರಿಯರೂ ಅಲ್ಲಿಯ ದೋಸೆ ತಿಂದವರೇ ಇರಬಹುದು. ಈ ಪ್ರಸಂಗದಲ್ಲಿ ನಮ್ಮ ಇಂಗ್ಲಿಷ್ ನುಡಿಗಟ್ಟನ್ನು ಹೇಗೆ ಬಳಸಬೇಕೆಂದು ಕೇಳಿದರೆ ನನ್ನ ಉತ್ತರ ಇಷ್ಟು: ಸೀಸೆಗೆ ಬತ್ತಿಯಿಟ್ಟು ಎಸೆದದ್ದು ಬೇಲಿಯ ಆಚೆಯದು, ಬೆಂಗಳೂರಿನಲ್ಲಿ ಬಸ್ಸಿಗೆ ಬೆಂಕಿಯಿಟ್ಟದ್ದೂ ಬೇಲಿಯ ಆಚೆಯದೇ. ಹೋಟೆಲಿನವರೂ ಬಸ್ಸಿನವರೂ ಎಲ್ಲಿಯೂ ಹೋಗಿರಲಿಲ್ಲ, ತಮ್ಮ ತಮ್ಮ ಕೆಲಸದ ಜಾಗದಲ್ಲೇ ಇದ್ದರು.

ಆ ದಿನ ನಮ್ಮ ಮನೆಯಲ್ಲಿ ಅಪ್ಪ, ಬಾಗಿಲ ಮೇಲೆ ಕನ್ನಡದಲ್ಲಿದ್ದ ‘ಸುಸ್ವಾಗತ’ದ ಹಲಗೆಯನ್ನು ಇಳಿಸಲೋ ಬೇಡವೋ ಎಂದು ಮೊಳೆ ಕೀಳುವ ಇಕ್ಕಳ ಹಿಡಿದು ನಿಂತಿದ್ದರು. ಎದುರು ಮನೆಯ ಮಾಮಿ ಅದನ್ನು ನೋಡಿ ಬಂದರು. “ಅದು ಅಲ್ಲೇ ಇರಲಿ ಅಣ್ಣಾ, ಯಾರು ಬರುತ್ತಾರೋ ನೋಡೋಣ” ಎಂದು ತಮಿಳಿನಲ್ಲಿ ಹೇಳಿ, ಕುರ್ಚಿ ತರಿಸಿಕೊಂಡು, ಬಿಡಿಸಬೇಕಾದ ಅವರೆಕಾಯಿಯ ಮೊರವನ್ನೂ ತರಿಸಿಕೊಂಡು ನಮ್ಮ ಬಾಗಿಲಲ್ಲೇ ಸಂಜೆಯವರೆಗೆ ಕೂತರು. ಯಾರೂ ಬರಲಿಲ್ಲ. ಅದೇ ವಾರ ಬೆಂಗಳೂರಿನಲ್ಲಿ ನಮ್ಮ ಅತ್ತೆ, ಮೇಲಿನ ಮಹಡಿಯ ಸೇಲಂ ಕಡೆಯ ದಂಪತಿಗಳ ಕಾರನ್ನು ತಮ್ಮ ಗೇಟಿನೊಳಗೆ ಹಾಕಿಸಿ, ನಂಬರು ಕಾಣದಂತೆ ಹಳೆಯ ಜಮಖಾನ ಹೊದಿಸಿದ್ದರೆಂದು ಆಮೇಲೆ ಫೋನಿನಲ್ಲಿ ತಿಳಿಯಿತು.

ಹೊದಿಸುವ ಮಾತು ಬಂದದ್ದರಿಂದ ನೆನಪಾಯಿತು. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯನ್ನು 1991ರಲ್ಲಿ ನಿಲ್ಲಿಸಿದರಾದರೂ, ವಿವಾದವೆದ್ದು, ಹದಿನೆಂಟು ವರ್ಷ ಆ ಕವಿ ಮುಸುಕಿನೊಳಗೇ ನಿಂತಿರಬೇಕಾಯಿತು. 2009ರ ಆಗಸ್ಟ್ 9ರಂದು ಅದು ಅನಾವರಣವಾಯಿತು. ಅದಕ್ಕೆ ಪ್ರತಿಯಾಗಿ ನಾಲ್ಕು ದಿನಗಳ ಬಳಿಕ, 13ರಂದು, ನಮ್ಮ ಚೆನ್ನೈಯ ಅಯನಾವರಂ ಬಡಾವಣೆಯ ಪಾರ್ಕಿನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ರಾಜ್ಯಗಳ ಮುಖ್ಯಮಂತ್ರಿಗಳೂ ಎರಡು ಕಡೆಗೂ ಬಂದಿದ್ದರು. ಊರೂರು ಅಲೆದು, ಯಾವ ಊರಿನ ಬೇಲಿಯೊಳಗೂ ನಿಲ್ಲದೆ ಹಾಡಿಕೊಂಡು ಹೋದವನೆಂದು ನಾವು ಹೇಳಿಕೊಳ್ಳುವ ಸರ್ವಜ್ಞನಿಗೆ ಕೊನೆಗೂ ಚೆನ್ನೈಯಲ್ಲೊಂದು ಖಾಯಂ ವಿಳಾಸ ಸಿಕ್ಕಿತು.

ಮಕ್ಕಳನ್ನು ಕರೆದುಕೊಂಡು ನೋಡಿ ಬರಲು ರವಿವಾರದ ಬೆಳಗು ಒಳ್ಳೆಯದು. ಗೋಡೆಯ ಉಳಿಕೆಯನ್ನು ನೋಡಬೇಕೆನ್ನುವವರು ಅಲ್ಲಿಂದ ರಾಯಪುರದ ಕಡೆ ಹೋಗಬಹುದು. ಹೈದರನಿಗೆ ಹೆದರಿ ಕಟ್ಟಿದ ಗೋಡೆಯ ಒಂದು ತುಂಡು ಹಳೆಯ ಜೈಲು ರಸ್ತೆಯಲ್ಲಿ ಇನ್ನೂ ಇದೆ. ಅದರ ಮೇಲೆ ತೋಟ ಮಾಡಿ ‘ಮಾಡಿ ಪೂಂಗಾ’, ಅಂದರೆ ಮಹಡಿಯ ತೋಟ, ಎಂದು ಹೆಸರಿಟ್ಟಿದ್ದಾರೆ.